ಜೆರೋಮನ ಇಬ್ರಿಯ ಗುರುಗಳು

ಯೋನನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಓದಿದವರಿಗೆಲ್ಲ ಆ ಗಿಡದ ನೆನಪಿರುವದು. ನಿನೆವೆ ಪಟ್ಟಣವು ನಾಶವಾಗಲಿಲ್ಲವೆಂದು ಮುನಿಸಿಕೊಂಡ ಪ್ರವಾದಿಯು ಊರ ಹೊರಗೆ ಗುಡಿಸಲು ಹಾಕಿಕೊಂಡು ಕುಳಿತಿರಲು, ದೇವರು ಅವನ ತಲೆಗೆ ನೆರಳಾಗುವಂತೆ ಒಂದು ಗಿಡವನ್ನು ಬೆಳೆಯಿಸಿದನು; ಮರುದಿನ ಒಂದು ಹುಳವು ಅದನ್ನು ಕಡಿಯಲಾಗಿ ಅದು ಒಣಗಿಹೋಯಿತು. ಆ ಗಿಡವು ಯಾವದು? ಇದು ಭಾನುವಾರದ ಪಾಠಶಾಲೆಯಲ್ಲಿ ಚಿಕ್ಕ ಹುಡುಗಿಯೊಬ್ಬಳು ಎದ್ದು ನಿಂತು ಕೇಳತಕ್ಕ ಪ್ರಶ್ನೆಯೆಂದು ತೋರಬಹುದು. ಆದರೆ ಆಫ್ರಿಕ ಖಂಡದ ಉತ್ತರ ತೀರದಲ್ಲಿ, ಈಗಿನ ತ್ರಿಪೊಲಿ ನಗರವಿರುವ ಸ್ಥಳದಲ್ಲಿದ್ದ ಓಯಾ ಎಂಬ ಪಟ್ಟಣದಲ್ಲಿ, ಐದನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದೇ ಪ್ರಶ್ನೆಯ ನಿಮಿತ್ತ ದೇವಾಲಯದೊಳಗೆ ದೊಡ್ಡ ಗದ್ದಲವೆದ್ದು, ಅಲ್ಲಿಯ ಬಿಷಪನು ತನ್ನ ಸಭೆಯ ಜನರನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದನು.

ನಡೆದ ಸಂಗತಿಯನ್ನು ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು 403ರಲ್ಲಿ ಬರೆದ ಒಂದು ಪತ್ರದಿಂದ ತಿಳಿಯುತ್ತೇವೆ. ಆ ದಿನ ಓಯಾದಲ್ಲಿ ಓದಲ್ಪಟ್ಟದ್ದು ಜೆರೋಮನೆಂಬ ಪಂಡಿತನು ಇಬ್ರಿಯ ಮೂಲದಿಂದಲೇ ಹೊಸದಾಗಿ ಮಾಡಿದ ಲ್ಯಾಟಿನ್ ಭಾಷಾಂತರವು. ಯೋನನ ಗ್ರಂಥದ ಒಂದು ಶಬ್ದವು ಬಂದಾಗ, ಇದು ನಮ್ಮ ಹಿರಿಯರು ತಲೆತಲಾಂತರದಿಂದ ಓದಿ ಹಾಡುತ್ತ ಬಂದ ಶಬ್ದವಲ್ಲವೆಂದು ಜನರು ಕೂಗಿಕೊಂಡರು. ಅವರಲ್ಲಿದ್ದ ಗ್ರೀಕರು ಇದು ಸುಳ್ಳು ಪಾಠವೆಂದು ದೂರಿದರು. ಬಿಷಪನು ದಿಕ್ಕುಗಾಣದೆ ಊರಿನ ಯೆಹೂದ್ಯರ ಬಳಿಗೆ ಹೋಗಿ ಅವರ ಸಾಕ್ಷಿಯನ್ನು ಕೇಳಿದನು. ಗ್ರೀಕ್ ಪುಸ್ತಕಗಳಲ್ಲಿಯೂ ಹಳೆಯ ಲ್ಯಾಟಿನ್ ಪುಸ್ತಕಗಳಲ್ಲಿಯೂ ಇರುವದೇ ಇಬ್ರಿಯದಲ್ಲಿಯೂ ಇದೆಯೆಂದು ಅವರು ಹೇಳಿದರು. ಬಿಷಪನು ಹೊಸ ಪಾಠವನ್ನು ತಪ್ಪೆಂದು ತಿದ್ದಿ ಜನರನ್ನು ಉಳಿಸಿಕೊಂಡನು. ಆ ಶಬ್ದವು ಯಾವದೆಂಬದನ್ನು ಅಗಸ್ಟೀನನು ತನ್ನ ಪತ್ರದಲ್ಲಿ ಬರೆಯಲಿಲ್ಲ. ಜೆರೋಮನಿಗಾದರೋ ಓದಿದ ಕೂಡಲೇ ತಿಳಿದುಹೋಯಿತು. ಜನರಿಗೆ ರೂಢಿಯಾಗಿದ್ದದ್ದು ‘ಕುಕುರ್ಬಿತ’, ಅಂದರೆ ಸೋರೆ. ಅವನು ಬರೆದದ್ದು ‘ಹೆದೆರ’, ಅಂದರೆ ಗೋಡೆಗಳಿಗೂ ಮರಗಳಿಗೂ ಹಬ್ಬುವ, ಇಂಗ್ಲಿಷರು ಐವಿ ಎಂದು ಕರೆಯುವ ಬಳ್ಳಿ. ನಾವು ಕನ್ನಡದಲ್ಲಿ ಓದಿರುವದೂ ಸೋರೆಯೇ ಆದದರಿಂದ ಓಯಾದವರ ಸಿಟ್ಟನ್ನು ನಾವು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಲ್ಲೆವು. ರೋಮಾಪುರದ ನೆಲದಡಿಯ ಸಮಾಧಿಗಳಲ್ಲಿಯೂ ಕಾಯಿ ಜೋತುಬಿದ್ದ ಸೋರೆಯ ಚಪ್ಪರದ ಕೆಳಗೆ ಯೋನನು ಒರಗಿ ಮಲಗಿರುವ ಚಿತ್ರವು ಮೇಲಿಂದ ಮೇಲೆ ಕಾಣಸಿಗುತ್ತದೆ. ಕಿವಿಗೆ ಮಾತ್ರವಲ್ಲ, ಕಣ್ಣಿಗೂ ಅದು ಸೋರೆಯೇ ಆಗಿತ್ತು.

ಈ ಕಥೆಯಲ್ಲಿ ನನಗೆ ಬಹು ಸೋಜಿಗವಾಗಿ ಕಾಣುವದು ಬೇರೊಂದು ಸಂಗತಿ. ಕ್ರೈಸ್ತ ಸಭೆಯೊಳಗೆ ವೇದಪಾಠದ ಜಗಳವು ಹುಟ್ಟಿದಾಗ ಬಿಷಪನು ನ್ಯಾಯಕ್ಕಾಗಿ ಯೆಹೂದ್ಯರ ಬಾಗಿಲಿಗೆ ಹೋದನು. ಹೋಗಬಹುದೆಂದು ಅವನಿಗೆ ತೋರಿತು, ಹೋದದ್ದಕ್ಕಾಗಿ ಅವನ ಜನರೂ ಆಕ್ಷೇಪಿಸಿದಂತೆ ಕಾಣುವದಿಲ್ಲ.

ಆ ಕಾಲದ ಚರಿತ್ರೆಯನ್ನು ಓದುವವರಿಗೆ ಸಾಮಾನ್ಯವಾಗಿ ಮೊದಲು ಎದುರಾಗುವವು ಬೆಂಕಿ ಮತ್ತು ಕಾಯಿದೆಗಳು. 388ರಲ್ಲಿ ಯೂಫ್ರೆಟಿಸ್ ನದಿಯ ದಡದ ಕಲ್ಲಿನಿಕಂ ಎಂಬ ಊರಿನಲ್ಲಿ ಬಿಷಪನ ಪ್ರೇರಣೆಯಿಂದ ಜನರು ಯೆಹೂದ್ಯರ ಸಭಾಮಂದಿರವನ್ನು ಸುಟ್ಟುಬಿಟ್ಟರು. ಅದನ್ನು ಬಿಷಪನೇ ಕಟ್ಟಿಸಿಕೊಡಬೇಕೆಂದು ಚಕ್ರವರ್ತಿ ಥಿಯೊಡೋಸಿಯಸನು ಆಜ್ಞಾಪಿಸಿದಾಗ ಮಿಲಾನಿನ ಬಿಷಪನಾದ ಅಂಬ್ರೋಸನು ಅಡ್ಡಬಂದು ಆ ಆಜ್ಞೆಯನ್ನು ಹಿಂತೆಗೆಯುವಂತೆ ಮಾಡಿದನು. ಅದೇ ಚಕ್ರವರ್ತಿಯು 393ರಲ್ಲಿ, ಯೆಹೂದ್ಯರ ಮತವು ಯಾವ ಕಾಯಿದೆಯಿಂದಲೂ ನಿಷೇಧಿಸಲ್ಪಟ್ಟಿಲ್ಲ, ಅವರ ಸಭಾಮಂದಿರಗಳನ್ನು ಕೆಡಹುವವರನ್ನು ದಂಡಿಸಬೇಕು ಎಂದು ಶಾಸನ ಮಾಡಿದನು. 418ರಲ್ಲಿ ಮಿನೋರ್ಕ ದ್ವೀಪದ ಸಭಾಮಂದಿರವು ಉರಿದುಹೋಯಿತು. ಎಂಟು ದಿನಗಳಲ್ಲಿ 540 ಮಂದಿ ಯೆಹೂದ್ಯರು ಕ್ರೈಸ್ತರಾದರೆಂದು ಅಲ್ಲಿಯ ಬಿಷಪ್ ಸೆವೆರಸನು ಹರ್ಷದಿಂದ ಬರೆದಿದ್ದಾನೆ. ಸುತ್ತಲೂ ಜನರ ಗುಂಪು ಕೂಗುತ್ತಿರುವಾಗ ಆದ ಆ ಮನಃಪರಿವರ್ತನೆಯು ಎಂಥದ್ದೆಂಬದನ್ನು ಓದುವವರೇ ತಿಳಿದುಕೊಳ್ಳಬಹುದು.

ಆದರೆ ಬೀದಿಯ ಜೀವನವು ಕಾಯಿದೆಯ ಪುಸ್ತಕದಂತೆ ಇರಲಿಲ್ಲ. ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತೋಮನು 386 ಮತ್ತು 387ರಲ್ಲಿ ಎಂಟು ಪ್ರಸಂಗಗಳನ್ನು ಮಾಡಿದನು. ಅವುಗಳಲ್ಲಿ ಯೆಹೂದ್ಯರ ಮೇಲೆ ಅವನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಮುಂದಿನ ಶತಮಾನಗಳಲ್ಲಿ ಅವುಗಳಿಂದ ಆದ ಕೇಡು ಅಲ್ಪವಲ್ಲ. ಆದರೆ ಅವನು ಅಷ್ಟು ಸಿಟ್ಟಾಗಲು ಕಾರಣವೇನು? ಅವನ ಸಭೆಯ ಕ್ರೈಸ್ತರೇ ಯೆಹೂದ್ಯರ ತುತೂರಿಯ ಹಬ್ಬಕ್ಕೆ ಹೋಗುತ್ತಿದ್ದರು, ಅವರೊಡನೆ ಉಪವಾಸ ಮಾಡುತ್ತಿದ್ದರು, ರೋಗ ಬಂದರೆ ಅವರ ವೈದ್ಯರನ್ನು ಹುಡುಕುತ್ತಿದ್ದರು. ಒಬ್ಬ ಕ್ರೈಸ್ತನು ಕುಲೀನಳೂ ಭಕ್ತಳೂ ಆದ ಒಬ್ಬ ಕ್ರೈಸ್ತ ಸ್ತ್ರೀಯನ್ನು ವ್ಯವಹಾರದ ಜಗಳದಲ್ಲಿ ಆಣೆಯಿಡಿಸುವದಕ್ಕೆ ಸಭಾಮಂದಿರದೊಳಕ್ಕೆ ಬಲವಂತದಿಂದ ಎಳೆಯುತ್ತಿದ್ದದ್ದನ್ನು ತಾನು ಕಣ್ಣಾರೆ ಕಂಡು ಬಿಡಿಸಿದೆನೆಂದು ಕ್ರಿಸೊಸ್ತೋಮನು ಹೇಳುತ್ತಾನೆ. ಯಾಕೆ ಅಲ್ಲಿಗೇ ಎಂದು ಕೇಳಿದ್ದಕ್ಕೆ, ಅಲ್ಲಿ ಇಟ್ಟ ಆಣೆಗೆ ಭಯ ಹೆಚ್ಚೆಂದು ಅನೇಕರು ತನಗೆ ಹೇಳಿದ್ದಾರೆಂದು ಆ ಮನುಷ್ಯನು ಉತ್ತರಕೊಟ್ಟನಂತೆ. ಪ್ರಸಂಗಪೀಠದಿಂದ ಗೋಡೆ ಕಟ್ಟಲು ಅಷ್ಟು ಗಟ್ಟಿಯಾಗಿ ಕೂಗಬೇಕಾಯಿತೆಂದರೆ ಕೆಳಗೆ ಗೋಡೆ ಇರಲಿಲ್ಲವೆಂದೇ ಅರ್ಥ.

ಇಂಥಾ ಕಾಲದಲ್ಲಿ ಜೆರೋಮನು ಇಬ್ರಿಯವನ್ನು ಕಲಿತನು. ಅದು ಯಾಕೆ ಅಗತ್ಯವಾಯಿತೆಂಬದನ್ನು ಎರಡು ಮಾತಿನಲ್ಲಿ ಹೇಳಬೇಕು. ಕ್ರಿಸ್ತಪೂರ್ವದಲ್ಲಿಯೇ ಅಲೆಕ್ಸಾಂದ್ರಿಯದ ಯೆಹೂದ್ಯರು ತಮ್ಮ ಶಾಸ್ತ್ರಗಳನ್ನು ಗ್ರೀಕಿಗೆ ತಂದಿದ್ದರು. ಎಪ್ಪತ್ತು ಮಂದಿಯ ಭಾಷಾಂತರವೆಂದು ಅದಕ್ಕೆ ಹೆಸರು. ಕ್ರೈಸ್ತ ಸಭೆಯು ಅದನ್ನೇ ತನ್ನದಾಗಿ ಮಾಡಿಕೊಂಡಿತು, ಲ್ಯಾಟಿನ್ ಪಾಠಗಳೂ ಅದರಿಂದಲೇ ಹುಟ್ಟಿದವು. ಆದರೆ ವಾಗ್ವಾದಗಳಲ್ಲಿ ಯೆಹೂದ್ಯರು, ನೀವು ಹೇಳುವ ಮಾತು ಮೂಲದಲ್ಲಿಲ್ಲವೆಂದು ಹೇಳಿದಾಗ ಕ್ರೈಸ್ತರಲ್ಲಿ ಉತ್ತರ ಕೊಡಬಲ್ಲವರು ಬಹು ವಿರಳ. ಮೂರನೆಯ ಶತಮಾನದಲ್ಲಿ ಒರಿಗೆನನು ಇಬ್ರಿಯ ಪಾಠವನ್ನೂ ಗ್ರೀಕ್ ಪಾಠಗಳನ್ನೂ ಸಾಲುಸಾಲಾಗಿ ಎದುರುಬದುರಿಗೆ ಬರೆಯಿಸಿದ್ದನು. ಅಂಥ ಕೆಲವರನ್ನು ಬಿಟ್ಟರೆ ಇಬ್ರಿಯವು ಸಭಾಮಂದಿರದ ಸ್ವತ್ತಾಗಿಯೇ ಉಳಿದಿತ್ತು. ಅದಕ್ಕೆ ಆಗ ಅಚ್ಚಾದ ವ್ಯಾಕರಣವಿಲ್ಲ, ನಿಘಂಟಿಲ್ಲ. ಬರವಣಿಗೆಯಲ್ಲಿ ಸ್ವರಚಿಹ್ನೆಗಳೂ ಇರಲಿಲ್ಲ. ಒಂದು ಶಬ್ದವನ್ನು ಹೇಗೆ ಉಚ್ಚರಿಸಬೇಕೆಂಬದು ಗುರುವಿನ ಬಾಯಿಂದಲ್ಲದೆ ಬೇರೆ ರೀತಿಯಲ್ಲಿ ತಿಳಿಯುವಂತಿರಲಿಲ್ಲ.

ಜೆರೋಮನು ರೋಮಿನಲ್ಲಿ ದೊನಾತಸನೆಂಬ ಪ್ರಸಿದ್ಧ ವೈಯಾಕರಣನ ಶಿಷ್ಯನಾಗಿ ಕಲಿತವನು. ಸಿಸೆರೋವಿನ ಗದ್ಯದ ಸವಿಯುಂಡವನು. ಸುಮಾರು 375ರಲ್ಲಿ ಸಿರಿಯದ ಮರುಭೂಮಿಯಲ್ಲಿ ಸನ್ಯಾಸಿಯಾಗಿದ್ದಾಗ, ಉಪವಾಸಗಳಿಂದಲೂ ಹತೋಟಿಗೆ ಬಾರದ ತನ್ನ ಮನಸ್ಸನ್ನು ಕಟ್ಟಿಹಾಕುವದಕ್ಕೆ, ಯೆಹೂದ್ಯ ಮತದಿಂದ ಬಂದಿದ್ದ ಒಬ್ಬ ಸನ್ಯಾಸಿಯ ಬಳಿಯಲ್ಲಿ ಇಬ್ರಿಯ ಅಕ್ಷರಾಭ್ಯಾಸವನ್ನು ಆರಂಭಿಸಿದನು. ಬುಸುಗುಟ್ಟುವ, ಏದುಸಿರು ಬಿಡಿಸುವ ಆ ಶಬ್ದಗಳಿಂದ ಬೇಸತ್ತು ಎಷ್ಟೋ ಸಾರಿ ಬಿಟ್ಟುಬಿಟ್ಟು, ಕಲಿಯುವ ಹಟದಿಂದ ಮತ್ತೆ ಹಿಡಿದೆನೆಂದು ಮುಪ್ಪಿನಲ್ಲಿ ನೆನೆದುಕೊಂಡಿದ್ದಾನೆ. ಪರಭಾಷೆಯ ಮೊದಲ ಪುಸ್ತಕವನ್ನು ಕಣ್ಣೀರಿನಿಂದ ತೋಯಿಸಿದ ನಮ್ಮ ವಿದ್ಯಾರ್ಥಿನಿಯರಿಗೆ ಇದು ಸ್ವಲ್ಪ ಸಮಾಧಾನವನ್ನು ಕೊಟ್ಟೀತು.

ಮುಂದೆ 382ರಿಂದ 384ರ ವರೆಗೆ ಅವನು ರೋಮಿನಲ್ಲಿ ಪೋಪ್ ದಮಾಸಸನಿಗೆ ಬರವಣಿಗೆಯಲ್ಲಿ ಸಹಾಯಕನಾಗಿದ್ದನು. ಆ ದಿನಗಳ ಒಂದು ಪತ್ರದಲ್ಲಿ ಒಂದು ಚಿಕ್ಕ ಘಟನೆಯಿದೆ. ಜೆರೋಮನು ಲಿಪಿಕಾರನಿಗೆ ಹೇಳಿ ಬರೆಯಿಸುತ್ತಿರುವಾಗ ಒಬ್ಬ ಯೆಹೂದ್ಯನು ತಟ್ಟನೆ ಒಳಕ್ಕೆ ಬಂದನು. ತಾನು ಓದುವದಕ್ಕೆಂದು ಹೇಳಿ ಸಭಾಮಂದಿರದಿಂದ ಪಡೆದುಕೊಂಡ ಸುರುಳಿಗಳನ್ನು ಅವನ ಮುಂದಿಟ್ಟು, ನೀನು ಕೇಳಿದ್ದು ಇಗೋ, ಬೇಗ ತೆಗೆದುಕೋ ಎಂದು ಅವಸರಪಡಿಸಿದನು. ಜೆರೋಮನು ಪೋಪನ ಕೆಲಸವನ್ನು ಅಲ್ಲಿಗೇ ಬಿಟ್ಟು ಪ್ರತಿಮಾಡಿಕೊಳ್ಳಲು ಕುಳಿತನು. ಅದಕ್ಕಾಗಿಯೇ ಪತ್ರಕ್ಕೆ ಉತ್ತರ ತಡವಾಯಿತೆಂದು ಪೋಪನಿಗೇ ಬರೆದನು. ಆ ಸುರುಳಿಗಳನ್ನು ತಂದವನ ಹೆಸರನ್ನು ಬರೆಯಲಿಲ್ಲ.

ರೋಮಿನಲ್ಲಿ ಅವನ ಪಾಠವನ್ನು ಆಶೆಯಿಂದ ಕೇಳಿದವರು ಸ್ತ್ರೀಯರು. ಅವೆಂತೀನ್ ಗುಡ್ಡದ ಮೇಲಿನ ತನ್ನ ಮನೆಯಲ್ಲಿ ಮರ್ಸೆಲ್ಲ ಎಂಬ ವಿಧವೆಯು ಒಂದು ಕೂಟವನ್ನು ಮಾಡಿಕೊಂಡಿದ್ದಳು. ಗುರುವು ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪುವ ಶಿಷ್ಯೆ ಈಕೆಯಲ್ಲ. ಆಮೆನ್ ಎಂದರೇನು, ಹಲ್ಲೆಲೂಯ ಎಂದರೇನು, ಕೀರ್ತನೆಗಳ ನಡುವೆ ಬರುವ ಸೆಲಾ ಎಂದರೇನು, ಏಫೋದು ಎಂಥ ಬಟ್ಟೆ ಎಂದು ಬಿಡದೆ ಕೇಳುತ್ತಿದ್ದಳು. ಅವನ ಉತ್ತರಗಳು ಪತ್ರಗಳಾಗಿ ಉಳಿದಿವೆ. ಪೌಲ ಎಂಬ ಇನ್ನೊಬ್ಬ ಕುಲೀನ ವಿಧವೆಯೂ ಆಕೆಯ ಮಕ್ಕಳಾದ ಬ್ಲೆಸಿಲ್ಲ, ಯೂಸ್ತೋಕಿಯಂ ಎಂಬವರೂ ಇಬ್ರಿಯವನ್ನೇ ಕಲಿತರು. ಬ್ಲೆಸಿಲ್ಲಳು ಕೆಲವೇ ದಿನಗಳಲ್ಲಿ ಅದರ ತೊಡಕುಗಳನ್ನು ಗೆದ್ದು ತಾಯಿಯೊಡನೆ ಸ್ಪರ್ಧೆ ಮಾಡುವಷ್ಟಾದಳೆಂದು ಜೆರೋಮನು ಬರೆದದ್ದು ಆಕೆಯ ಮರಣದ ಪತ್ರದಲ್ಲಿ. 384ರಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತರ ಪ್ರಾಯ. ಪೌಲಳ ವಿಷಯದಲ್ಲಿ ಅವನು ಇನ್ನೂ ಹೆಚ್ಚಾಗಿ ಹೇಳುತ್ತಾನೆ: ತಾನು ಯೌವನದಿಂದ ಬೆವರು ಸುರಿಸಿ ಅರೆಬರೆಯಾಗಿ ಕಲಿತ ಭಾಷೆಯನ್ನು ಆಕೆಯು ಎಷ್ಟು ಚೆನ್ನಾಗಿ ಕಲಿತಳೆಂದರೆ, ಕೀರ್ತನೆಗಳನ್ನು ಇಬ್ರಿಯದಲ್ಲಿಯೇ, ಲ್ಯಾಟಿನ್ ಉಚ್ಚಾರದ ಸೋಂಕು ಸ್ವಲ್ಪವೂ ಇಲ್ಲದೆ, ಹಾಡುತ್ತಿದ್ದಳು. ಹೊಗಳಿಕೆಯಲ್ಲಿ ಜೆರೋಮನ ಕೈ ದೊಡ್ಡದೆಂಬದು ನಿಜ. ಆದರೂ ಶಿಷ್ಯೆಯು ತನ್ನನ್ನು ಮೀರಿಸಿದಳೆಂದು ಅವನಂಥ ಅಭಿಮಾನಿಯು ಸುಮ್ಮನೆ ಒಪ್ಪುವವನಲ್ಲ.

385ರಲ್ಲಿ ಅವನು ರೋಮನ್ನು ಬಿಟ್ಟನು. ಪೌಲಳೂ ಯೂಸ್ತೋಕಿಯಮಳೂ ಹಿಂದೆಯೇ ಹೊರಟರು. 386ರಿಂದ ಅವರೆಲ್ಲರ ವಾಸವು ಬೇತ್ಲೆಹೇಮಿನಲ್ಲಿ. ಪೌಲಳು ತನ್ನ ಹಣದಿಂದ ಸ್ತ್ರೀಯರಿಗೂ ಪುರುಷರಿಗೂ ಮಠಗಳನ್ನು ಕಟ್ಟಿಸಿದಳು. ಅಲ್ಲಿ ಸುಮಾರು 390ರಿಂದ 405ರ ವರೆಗೆ, ಹದಿನೈದು ವರ್ಷ, ಜೆರೋಮನು ಹಳೆಯ ಒಡಂಬಡಿಕೆಯನ್ನು ಮೂಲದಿಂದ ಲ್ಯಾಟಿನಿಗೆ ತಂದನು. ಮುಂದೆ ಪಶ್ಚಿಮ ದೇಶಗಳ ಸತ್ಯವೇದವಾಗಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಓದಲ್ಪಟ್ಟ ವಲ್ಗೇಟ್ ಎಂಬದರ ಬಹುಭಾಗವು ಇದೇ.

ಈ ಕೆಲಸವು ಒಂಟಿಯಾಗಿ ಕುಳಿತು ಮಾಡಿದ್ದಲ್ಲ. ಯೋಬನ ಗ್ರಂಥವು ಅರ್ಥವಾಗದೆ ಹೋದಾಗ ಅವನು ಲುದ್ದ ಎಂಬ ಊರಿನಿಂದ, ಇಬ್ರಿಯರಲ್ಲಿ ಅಗ್ರಗಣ್ಯನೆಂದು ಹೆಸರಾದ ಒಬ್ಬ ಗುರುವನ್ನು, ಅಲ್ಪವಲ್ಲದ ಹಣಕೊಟ್ಟು ಕರೆಯಿಸಿಕೊಂಡನು. ಅದರಿಂದ ತನಗೆ ಎಷ್ಟು ಲಾಭವಾಯಿತೋ ತಿಳಿಯದು, ಮೊದಲು ಅರ್ಥವಾಗದೆ ಇದ್ದದ್ದನ್ನು ಭಾಷಾಂತರಿಸಿಲ್ಲವೆಂಬದು ಮಾತ್ರ ತಿಳಿಯುವದು ಎಂದು ಮುನ್ನುಡಿಯಲ್ಲಿ ಬರೆದನು. ಪೂರ್ವಕಾಲವೃತ್ತಾಂತದ ಹೆಸರುಗಳ ಕಾಡಿನಲ್ಲಿ ದಾರಿ ತೋರಿಸಿದವನು ತಿಬೇರಿಯದ ಒಬ್ಬ ಪಂಡಿತ. ಅವನೊಡನೆ ಮೊದಲಿನಿಂದ ಕಡೆಯ ವರೆಗೆ ಓದಿದನು. ತೋಬಿತನ ಪುಸ್ತಕದ ಕಥೆಯಂತೂ ವಿಚಿತ್ರವಾಗಿದೆ. ಅದು ಕಲ್ದೀಯ ಭಾಷೆಯಲ್ಲಿತ್ತು. ಎರಡೂ ಭಾಷೆ ಬಲ್ಲವನೊಬ್ಬನನ್ನು ಕೂರಿಸಿಕೊಂಡು, ಅವನು ಕಲ್ದೀಯದಿಂದ ಇಬ್ರಿಯಕ್ಕೆ ಹೇಳಿದಂತೆಲ್ಲ ಇವನು ಇಬ್ರಿಯದಿಂದ ಲ್ಯಾಟಿನಿಗೆ ಹೇಳಿ ಲಿಪಿಕಾರನ ಕೈಯಲ್ಲಿ ಬರೆಯಿಸಿ, ಒಂದೇ ದಿನದಲ್ಲಿ ಪುಸ್ತಕವನ್ನು ಮುಗಿಸಿದನು.

ಈ ಗುರುಗಳಲ್ಲಿ ಹೆಸರು ಉಳಿದವನು ಒಬ್ಬನೇ: ಬರಾನಿನ. ಅವನು ರಾತ್ರಿಯಲ್ಲಿ ಬರುತ್ತಿದ್ದನು. ಕ್ರೈಸ್ತನಿಗೆ ಪಾಠ ಹೇಳುವದು ತನ್ನ ಜನರಿಗೆ ತಿಳಿದರೆ ಏನಾದೀತೋ ಎಂಬ ಭಯದಿಂದ, ನಿಕೊದೇಮನು ಯೇಸುವಿನ ಬಳಿಗೆ ಬಂದಂತೆ ಕತ್ತಲೆಯಲ್ಲಿ ಬರುತ್ತಿದ್ದನೆಂದು ಜೆರೋಮನೇ ಹೋಲಿಸಿದ್ದಾನೆ. ಇತ್ತ ಜೆರೋಮನಿಗೂ ಬಯ್ಗಳು ತಪ್ಪಲಿಲ್ಲ. ಮೊದಲು ಗೆಳೆಯನಾಗಿದ್ದು ತರುವಾಯ ಶತ್ರುವಾದ ರೂಫಿನಸನು ಆ ಹೆಸರನ್ನು ತಿರುಚಿ, ಸಭಾಮಂದಿರದಿಂದ ನೀನು ಆರಿಸಿಕೊಂಡ ಗುರು ಬರಬ್ಬನೇ ಎಂದು ಹಾಸ್ಯಮಾಡಿದನು. ಒಂದು ದೀಪದ ಬೆಳಕಿನಲ್ಲಿ ಕುಳಿತ ಇಬ್ಬರೂ ತಮ್ಮತಮ್ಮ ಜನರ ಕಣ್ಣಿಗೆ ಅಪರಾಧಿಗಳು.

ಇಲ್ಲಿಗೆ ನಿಲ್ಲಿಸಿದರೆ ಇದು ಸುಂದರವಾದ ಕಥೆಯಾಗುತ್ತಿತ್ತು. ಆದರೆ ಬರಾನಿನನ ರಾತ್ರಿಪಾಠವನ್ನು ನೆನೆಯುವ ಅದೇ ಪತ್ರದಲ್ಲಿ, ಒಂದು ಜನಾಂಗವನ್ನು ದ್ವೇಷಿಸುವದು ಯುಕ್ತವಾದರೆ ಸುನ್ನತಿಯವರ ಮೇಲೆ ತನಗಿರುವ ದ್ವೇಷವು ಅಸಾಧಾರಣವಾದದ್ದೆಂದು ಜೆರೋಮನು ಹೇಳಿಕೊಳ್ಳುತ್ತಾನೆ. ಇದಕ್ಕಿಂತ ಮನಸ್ಸನ್ನು ನೋಯಿಸುವದು ಸುಮಾರು 392ರಲ್ಲಿ ಚೆಫನ್ಯನ ಗ್ರಂಥಕ್ಕೆ ಅವನು ಬರೆದ ವ್ಯಾಖ್ಯಾನ. ಅದನ್ನು ಪೌಲಳಿಗೂ ಯೂಸ್ತೋಕಿಯಮಳಿಗೂ ಅರ್ಪಿಸಿದ್ದಾನೆ. ಗಂಡಸರನ್ನು ಬಿಟ್ಟು ಹೆಂಗಸರಿಗೆ ಬರೆಯುತ್ತೀಯಲ್ಲ ಎಂದು ನಗುವವರಿಗೆ ಮುನ್ನುಡಿಯಲ್ಲಿ ಉತ್ತರ ಕೊಡುತ್ತ, ಗಂಡಸರು ಸುಮ್ಮನಿದ್ದಾಗ ಪ್ರವಾದಿಸಿದ ಹುಲ್ದಳನ್ನೂ ಇಸ್ರಾಯೇಲನ್ನು ನಡಿಸಿದ ದೆಬೋರಳನ್ನೂ ಸಾಕ್ಷಿಗೆ ಕರೆಯುತ್ತಾನೆ. ಸ್ತ್ರೀವಿದ್ಯೆಯ ಪರವಾಗಿ ಆ ಕಾಲದಲ್ಲಿ ಬರೆದ ಒಳ್ಳೆಯ ಮಾತುಗಳಲ್ಲಿ ಅವೂ ಸೇರಿವೆ. ಕೆಲವು ಹಾಳೆಗಳ ತರುವಾಯ ಅದೇ ಲೇಖನಿಯು ಯೆರೂಸಲೇಮಿನ ಒಂದು ದೃಶ್ಯವನ್ನು ಬರೆಯುತ್ತದೆ. ಹಾದ್ರಿಯನ್ ಚಕ್ರವರ್ತಿಯು 135ರ ಯುದ್ಧದ ನಂತರ ಯೆಹೂದ್ಯರನ್ನು ಆ ನಗರದಿಂದ ಹೊರಡಿಸಿದ್ದನು. ವರ್ಷಕ್ಕೊಂದು ದಿನ ದೇವಾಲಯ ಬಿದ್ದ ನೆನಪಿಗೆ ಬಂದು ಅಳುವದಕ್ಕೆ ಮಾತ್ರ ಅವರಿಗೆ ಅಪ್ಪಣೆಯಿತ್ತು. ಮುಪ್ಪಿನ ಹೆಂಗಸರು, ಚಿಂದಿಯುಟ್ಟ ಮುದುಕರು, ಕೆದರಿದ ಕೂದಲು, ಕೆನ್ನೆಯ ಮೇಲೆ ನೀರು. ಇನ್ನೂ ಅಳಬೇಕಾದರೆ ಇನ್ನೂ ಕೊಡಿರೆಂದು ಕಾವಲಿನ ಸಿಪಾಯಿಯು ಹಣ ಕೇಳುತ್ತಾನೆ. ಜೆರೋಮನು ಇದನ್ನು ಹತ್ತಿರದಿಂದ, ನಿಚ್ಚಳವಾಗಿ ಕಂಡಿದ್ದಾನೆ. ಕಂಡು ಇವರು ಕನಿಕರಕ್ಕೆ ಪಾತ್ರರಲ್ಲವೆಂದು ಬರೆದಿದ್ದಾನೆ. ಆ ಮುದುಕಿಯರು ಯಾವ ಭಾಷೆಯ ಕೀರ್ತನೆಗಳನ್ನು ನೆನೆದು ಅಳುತ್ತಿದ್ದರೋ ಅದೇ ಭಾಷೆಯಲ್ಲಿ, ಅಲ್ಲಿಂದ ಆರು ಮೈಲಿನೊಳಗೆ, ಪೌಲಳು ಹಾಡುತ್ತಿದ್ದಳು. ಆ ಹಾಳೆಯನ್ನು ಓದಿದಾಗ ಆಕೆಗೆ ಏನೆನ್ನಿಸಿತೋ ಎಂದು ನಾನು ಅನೇಕ ಸಾರಿ ಯೋಚಿಸಿದ್ದೇನೆ.

ವಿದ್ಯೆಯನ್ನು ಕೊಟ್ಟವರ ಮೇಲೆ ಹೀಗೆ ಬರೆದದ್ದು ಕೃತಘ್ನತೆಯೆಂದು ಹೇಳದೆ ವಿಧಿಯಿಲ್ಲ. ಕಾಲಧರ್ಮವೆಂದು ಕೆಲವರು ಸಮಾಧಾನ ಹೇಳುವರು. ಆದರೆ ಅದೇ ಕಾಲದ ಅಗಸ್ಟೀನನು ಯೆಹೂದ್ಯರನ್ನು ತಪ್ಪಿತಸ್ಥರೆಂದು ಎಣಿಸಿದಾಗ್ಯೂ ಅವರು ಲೋಕದಲ್ಲೆಲ್ಲ ಶಾಸ್ತ್ರಕ್ಕೆ ಸಾಕ್ಷಿಗಳು, ಅವರನ್ನು ಕೊಲ್ಲಬಾರದೆಂದು ಕಲಿಸಿದನು. ಅದರಲ್ಲಿಯೂ ಪ್ರೀತಿ ಹೆಚ್ಚಿಲ್ಲ. ಆದರೂ ಮುಂದಿನ ಶತಮಾನಗಳಲ್ಲಿ ಎಷ್ಟೋ ಪ್ರಾಣಗಳಿಗೆ ಆ ಮಾತು ತಡೆಗೋಡೆಯಾಯಿತು.

ಇನ್ನು ಆ ಗಿಡದ ಮಾತು. ಜೆರೋಮನು 404ರಲ್ಲಿ ಅಗಸ್ಟೀನನಿಗೆ ಉತ್ತರ ಬರೆದನು. ಇಬ್ರಿಯದಲ್ಲಿರುವ ಶಬ್ದವು ಕೀಕಾಯೋನ್; ದ್ರಾಕ್ಷಿಯ ಎಲೆಗಳಂತೆ ಅಗಲವಾದ ಎಲೆಗಳುಳ್ಳದ್ದು; ಸೋರೆಯಂತೆಯೂ ಐವಿಯಂತೆಯೂ ಕೋಲಿನ ಆಸರೆ ಬೇಡದೆ ತನ್ನ ಕಾಂಡದ ಮೇಲೆಯೇ ನಿಲ್ಲತಕ್ಕದ್ದು. ಇಬ್ರಿಯ ಹೆಸರನ್ನೇ ಇಟ್ಟರೆ ಯಾರಿಗೂ ತಿಳಿಯದು, ಸೋರೆಯೆಂದರೆ ಮೂಲದಲ್ಲಿಲ್ಲದ್ದನ್ನು ಹೇಳಿದಂತಾಗುವದು. ಆದದರಿಂದ ಹಿಂದಿನ ಇತರ ಭಾಷಾಂತರಕಾರರನ್ನು ಅನುಸರಿಸಿ ಐವಿಯೆಂದಿಟ್ಟೆನು ಎಂದನು. ಅಂದರೆ ತಾನು ಬರೆದದ್ದೂ ಸರಿಯಾದ ಗಿಡವಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು! ಯೋನನ ಗ್ರಂಥದ ವ್ಯಾಖ್ಯಾನದಲ್ಲಿ ಅವನು ಇನ್ನೂ ಹೇಳಿದ್ದೇನೆಂದರೆ, ಪಾಲೆಸ್ತೀನದ ಮರಳು ನೆಲದಲ್ಲಿ ಇದರ ಬೀಜವನ್ನು ಬಿಸಾಡಿದರೆ ಸಾಕು, ಕೆಲವೇ ದಿನಗಳಲ್ಲಿ ಹುಲ್ಲಿದ್ದಲ್ಲಿ ಚಿಕ್ಕ ಮರವನ್ನು ಕಾಣುವಿರಿ.

ನಮ್ಮ ದೇಶದವರಿಗೆ ಇಷ್ಟು ಗುರುತು ಸಾಕು. ಇದು ಹರಳು ಗಿಡ, ಔಡಲ. ಬೇಲಿಯ ಪಕ್ಕದಲ್ಲಿ ಕೇಳದೆಯೇ ಬೆಳೆಯುವ ಈ ಗಿಡದ ಎಣ್ಣೆಯನ್ನು ನಮ್ಮ ಅಜ್ಜಿಯಂದಿರು ದೀಪಕ್ಕೂ ತಲೆಗೂ ಬಳಸಿದರು. ನಮಗೆ ಬಾಲ್ಯದಲ್ಲಿ ಮೂಗು ಹಿಡಿದು ಕುಡಿಸಿದರು. ಯೆಹೂದ್ಯರ ಗುರುಗಳೂ ಹಾಗೆಯೇ ಹೇಳಿದ್ದಾರೆ. ಸಬ್ಬತ್ತಿನ ದೀಪಕ್ಕೆ ಕೀಕ್ ಎಣ್ಣೆಯನ್ನು ಹಾಕಬಾರದೆಂದು ಮಿಷ್ನ ಎಂಬ ಅವರ ಗ್ರಂಥದಲ್ಲಿದೆ. ಆ ಎಣ್ಣೆ ಯಾವದೆಂಬ ಚರ್ಚೆಯು ತಲ್ಮೂದಿನಲ್ಲಿ ಬರುತ್ತದೆ: ಯೋನನ ಕೀಕಾಯೋನಿನದೇ ಎಂದು ಮೂರನೆಯ ಶತಮಾನದ ರೇಷ್ ಲಾಕೀಷನು ಹೇಳಿದನು, ರಬ್ಬಾ ಬರ್ ಬರ್ ಹಾನನೆಂಬ ಸಂಚಾರಿಯು, ನಾನು ಅದನ್ನು ಕಂಡಿದ್ದೇನೆ, ಅದರ ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಅದರ ನೆರಳಿನಲ್ಲಿ ರೋಗಿಗಳು ವಿಶ್ರಮಿಸುತ್ತಾರೆ ಎಂದನು. ರೇಷ್ ಲಾಕೀಷನು ಪಾಠ ಹೇಳಿದ ಊರು ತಿಬೇರಿಯ; ಜೆರೋಮನಿಗೆ ಪೂರ್ವಕಾಲವೃತ್ತಾಂತವನ್ನು ಓದಿಸಿದವನೂ ಆ ಊರಿನವನೇ.

ಹಾಗಾದರೆ ಓಯಾದ ಯೆಹೂದ್ಯರು ಸೋರೆಯೆಂದು ಯಾಕೆ ಹೇಳಿದರು? ಅಜ್ಞಾನವೋ ದುರ್ಬುದ್ಧಿಯೋ ಎಂದು ಅಗಸ್ಟೀನನು ಶಂಕಿಸಿದನು. ಅವರಿಗೆ ಇಬ್ರಿಯ ಬಾರದು, ಇಲ್ಲವೆ ಸೋರೆಯ ಪಕ್ಷದವರನ್ನು ಗೇಲಿಮಾಡಲು ಸುಳ್ಳು ಹೇಳಿದರು ಎಂದು ಜೆರೋಮನು ನಕ್ಕನು. ಮೂರನೆಯ ಊಹೆಯೊಂದು ನನಗೆ ತೋರುತ್ತದೆ. ಹೊರಗೆ ಕೂಗುತ್ತಿರುವ ಜನರ ಗುಂಪು, ಬಾಗಿಲಲ್ಲಿ ಬೆವರುತ್ತ ನಿಂತ ಬಿಷಪ್. ಆ ಹೊತ್ತಿನಲ್ಲಿ ಗದ್ದಲವನ್ನು ಅಡಗಿಸುವ ಉತ್ತರ ಯಾವದೆಂಬದು ಅವರಿಗೆ ತಿಳಿಯದೆ ಇರಲಾರದು. ಊರಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವವರು ಇಂಥ ಲೆಕ್ಕವನ್ನು ಬೇಗ ಕಲಿಯುತ್ತಾರೆ.

ಪೌಲಳು 404ರಲ್ಲಿಯೂ ಜೆರೋಮನು 420ರ ಸುಮಾರಿಗೂ ಬೇತ್ಲೆಹೇಮಿನಲ್ಲಿಯೇ ತೀರಿಕೊಂಡರು. ಲ್ಯಾಟಿನಿನಲ್ಲಿ ಐವಿಯು ಉಳಿಯಿತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದವರು ಪಾಠದಲ್ಲಿ ಸೋರೆಯನ್ನೇ ಇಟ್ಟು, ಅಂಚಿನಲ್ಲಿ ಚಿಕ್ಕ ಅಕ್ಷರಗಳಲ್ಲಿ ಹರಳು ಗಿಡದ ಹೆಸರನ್ನು ಸೇರಿಸಿದರು. ಇಂದು ಇಸ್ರಾಯೇಲ್ ದೇಶದಲ್ಲಿ ಇಬ್ರಿಯವನ್ನಾಡುವ ಮಕ್ಕಳು ಬೇಲಿಯ ಪಕ್ಕದ ಆ ಗಿಡವನ್ನು ಕೀಕಾಯೋನ್ ಎಂದೇ ಕರೆಯುತ್ತಾರೆ.